ಆಕಾಶ ಬೀಳದ ಕ್ಯಾಮೆರಾ: ಹಳೇಬೀಡಿಗೆ ಬಂದಿದ್ದ ಹೊಸ ಫೋಟೋಗ್ರಾಫರ್

ಹಳೇಬೀಡಿಗೆ ಹೋಗಿದ್ದೀರಾ? ಹೋಗಿದ್ರೆ ಹೊಯ್ಸಳೇಶ್ವರ ದೇವಸ್ಥಾನದ ಮುಂದೆ ನಿಂತು ಫೋನ್ ಎತ್ತಿರ್ತೀರಿ, ಗ್ಯಾರಂಟಿ. ಎರಡು ನಿಮಿಷದಲ್ಲಿ ಇಪ್ಪತ್ತು ಫೋಟೊ, ಹದಿನೆಂಟು ಡಿಲೀಟ್. ಇವತ್ತಿನ ಸಂಚಿಕೆ ಅದೇ ಜಾಗಕ್ಕೆ 1854ರ ಡಿಸೆಂಬರ್‌ನಲ್ಲಿ ಕ್ಯಾಮೆರಾ ತಂದ ಒಬ್ಬ ಹೊಸಬನ ಬಗ್ಗೆ. ಹೆಸರು ಲಿನೇಯಸ್ ಟ್ರೈಪ್. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದ ಅಧಿಕಾರಿ, ವಯಸ್ಸು 32, ಕೆಲಸ ಬೆಂಗಳೂರಿನಲ್ಲಿ.

ಫೋಟೋಗ್ರಫಿ ಅವನ ಉದ್ಯೋಗ ಆಗಿರಲಿಲ್ಲ. ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ಹತ್ತಿದ ಗೀಳು. ಲಂಡನ್ನಿನ ಫೋಟೋಗ್ರಾಫಿಕ್ ಸೊಸೈಟಿ ಶುರುವಾದ 1853ರಲ್ಲೇ ಅದರ ಸದಸ್ಯನಾದ. ಮರುವರ್ಷ ಬೆಂಗಳೂರಿಗೆ ವಾಪಸ್ ಬಂದವನು, ಸ್ವಲ್ಪ ರಜೆ ಸಿಕ್ಕಿದ್ದೇ ತಡ, ಹಳೇಬೀಡಿನ ಕಡೆ ಹೊರಟ. ಜೊತೆಗೆ ಆಂಡ್ರ್ಯೂ ನೀಲ್ ಎಂಬ ವೈದ್ಯ. ಇವನಿಗೂ ಇದೇ ಹುಚ್ಚು.

ಈಗ ಅವನ 'ಕಿಟ್' ಏನು ಅಂತ ನೋಡೋಣ. ಮರದ ಪೆಟ್ಟಿಗೆಯಂಥ ದೊಡ್ಡ ಕ್ಯಾಮೆರಾ, ಸ್ಟ್ಯಾಂಡು, ರಾಸಾಯನಿಕಗಳು, ಕಾಗದ. ಹೌದು, ಫಿಲಂ ಅಲ್ಲ, ಕಾಗದ. ಅದಕ್ಕೆ ಮೇಣ ಹಿಡಿಸಿ, ಬೆಳ್ಳಿಯ ಲವಣ ಲೇಪಿಸಿ ನೆಗೆಟಿವ್ ಮಾಡಬೇಕು. ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟೂ ಅಷ್ಟೇ ದೊಡ್ಡದು, ಝೂಮ್ ಮಾಡಿ ದೊಡ್ಡದಾಗಿಸೋ ಮಾತೇ ಇಲ್ಲ. ಈ ಮೇಣದ ಕಾಗದಕ್ಕೆ ಒಂದು ಒಳ್ಳೆ ಗುಣ ಇತ್ತು: ಮೊದಲೇ ತಯಾರಿಸಿ ಇಟ್ಕೊಂಡು, ಫೋಟೊ ತೆಗೆದ ಮೇಲೆ ನಿಧಾನಕ್ಕೆ ತೊಳೆದುಕೊಳ್ಳಬಹುದು. ಆಗ ಹೊಸದಾಗಿ ಬಂದಿದ್ದ ಗಾಜಿನ ವಿಧಾನದಲ್ಲಿ ಗಾಜು ಒಣಗೋದರೊಳಗೆ ಎಲ್ಲ ಮುಗಿಸಬೇಕು. ನಮ್ಮ ಬಿಸಿಲಲ್ಲಿ ಅದೆಷ್ಟು ಹೊತ್ತು ಹಸಿ ಇರುತ್ತೆ, ಹೇಳಿ!

ಆದರೆ ಕಾಗದಕ್ಕೆ ಬೆಳಕು ಹಿಡಿಯೋಕೆ ನಿಮಿಷಗಟ್ಟಲೆ ಬೇಕು. ಇಲ್ಲೇ ನಮ್ಮ ಕಥೆಯ ಮುಖ್ಯ ವಿಷಯ ಇರೋದು. ನಿಂತ ಕಲ್ಲು ಬೀಳುತ್ತೆ, ನಡೆಯೋ ಮನುಷ್ಯ ಬೀಳಲ್ಲ. ಹಸು ಹಾದುಹೋದರೂ ಗುರುತಿಲ್ಲ. ಹತ್ತೊಂಬತ್ತನೇ ಶತಮಾನದ ಆ ಕಾಲದ ಫೋಟೊಗಳಲ್ಲಿ ನಮ್ಮ ದೇವಸ್ಥಾನ, ಕೋಟೆ, ಬೀದಿಗಳೆಲ್ಲ ಖಾಲಿ ಖಾಲಿ ಕಾಣ್ತವಲ್ಲ, ಜನರೇ ಇಲ್ಲದ ಪಾಳು ಊರಿನ ಹಾಗೆ? ಅಲ್ಲಿ ಜನ ಇದ್ದಿರಬಹುದು, ಓಡಾಡ್ತಾ ಇದ್ದಿರಬಹುದು. ಆ ಶೂನ್ಯದಲ್ಲಿ ಎಷ್ಟು ಊರಿನದು, ಎಷ್ಟು ಕ್ಯಾಮೆರಾದ್ದು ಅಂತ ಫೋಟೊ ನೋಡಿ ಹೇಳೋಕಾಗಲ್ಲ. ಲಂಡನ್ನಿನಲ್ಲಿ ಕೂತು ನೋಡಿದವರಿಗೆ ಇದನ್ನ ಯಾರು ಬಿಡಿಸಿ ಹೇಳಬೇಕಿತ್ತು?

ಇನ್ನೊಂದು ತೊಂದರೆ ಆಕಾಶ. ಆ ಕಾಲದ ರಾಸಾಯನಿಕಕ್ಕೆ ನೀಲಿ ಬೆಳಕು ಅಂದ್ರೆ ವಿಪರೀತ ಚುರುಕು. ಹೊಯ್ಸಳರ ಕಪ್ಪು ಕಲ್ಲಿನ ಕೆತ್ತನೆ ಮೂಡೋವರೆಗೂ ಕಾದರೆ ಆಕಾಶ ಸುಟ್ಟು ಬೆಳ್ಳಗಾಗುತ್ತೆ, ಒಂದು ಮೋಡವೂ ಉಳಿಯಲ್ಲ. ನಿಮ್ಮ ಫೋನು ಇದೇ ಸಮಸ್ಯೆಗೆ ಸದ್ದಿಲ್ಲದೆ ಹಲವು ಫೋಟೊ ತೆಗೆದು ಜೋಡಿಸಿಬಿಡುತ್ತೆ. ಟ್ರೈಪ್ ಏನು ಮಾಡಿದ? ಕುಂಚ ತಗೊಂಡ. ನೆಗೆಟಿವ್ ಮೇಲೆ ತಾನೇ ಮೋಡ ಬರೆದ! 1855ರಲ್ಲಿ ಕಂಪನಿಯ ರಾಯಭಾರಿ ತಂಡದ ಜೊತೆ ಬರ್ಮಾಕ್ಕೆ ಹೋಗಿ ತೆಗೆದ ಚಿತ್ರಗಳಲ್ಲಿ ಹೀಗೆ ಕೈಯಲ್ಲಿ ಬರೆದ ಮೋಡಗಳಿವೆ. ಎಷ್ಟು ಚೆನ್ನಾಗಿವೆ ಅಂದ್ರೆ, ಹೇಳದಿದ್ದರೆ ಗೊತ್ತೇ ಆಗಲ್ಲ. ಫಿಲ್ಟರ್ ಹಾಕಿದ್ರೆ ಮೋಸ ಅನ್ನೋ ಜಗಳ ನಮ್ಮ ಕಾಲದ್ದಲ್ಲ ಬಿಡಿ. ನನ್ನ ಕೇಳಿದ್ರೆ, ಅವನು ಬರೆದ ಮೋಡಕ್ಕಿಂತ ಕ್ಯಾಮೆರಾ ಅಳಿಸಿದ ಮನುಷ್ಯರದೇ ದೊಡ್ಡ ಪ್ರಶ್ನೆ.

ಇಷ್ಟಕ್ಕೂ ಕಂಪನಿಗೆ ಇದರಲ್ಲಿ ಯಾಕೆ ಆಸಕ್ತಿ? ಹಳೇ ಕಟ್ಟಡಗಳನ್ನ ಚಿತ್ರಕಾರರಿಂದ ಬರೆಸೋದು ದುಬಾರಿ, ನಿಧಾನ. ಫೋಟೊ ಅಗ್ಗ, ನಿಖರ ಅನ್ನೋ ಲೆಕ್ಕ. 1855ರಿಂದ ತನ್ನ ಅಡಿಸ್ಕಂಬ್ ಸೈನಿಕ ಶಾಲೆಯಲ್ಲೇ ಫೋಟೋಗ್ರಫಿ ಕಲಿಸೋಕೆ ಶುರು ಮಾಡಿತು. ಮರುವರ್ಷ ಟ್ರೈಪ್ ಮದ್ರಾಸ್ ಸರ್ಕಾರದ ಅಧಿಕೃತ ಫೋಟೋಗ್ರಾಫರ್ ಆದ. ಬರ್ಮಾದ 120 ಚಿತ್ರಗಳನ್ನ ಪ್ರಿಂಟ್ ಮಾಡಿಸಿದ್ದು ನಮ್ಮ ಬೆಂಗಳೂರಿನಲ್ಲೇ. ಆಮೇಲೆ ಶ್ರೀರಂಗ, ಮಧುರೆ, ತಂಜಾವೂರು. ತಂಜಾವೂರಿನ ಬೃಹದೀಶ್ವರ ದೇವಸ್ಥಾನದ ತಳಪಾಯದ ಶಾಸನವನ್ನ 21 ಪ್ರಿಂಟುಗಳಾಗಿ ತೆಗೆದು ಜೋಡಿಸಿದ, ಸುಮಾರು 19 ಅಡಿ ಉದ್ದ. ಅಂದಿನ ಪನೋರಮಾ ಮೋಡ್! ಆದರೆ 1859ರಲ್ಲಿ ಹೊಸ ಗವರ್ನರ್ ಚಾರ್ಲ್ಸ್ ಟ್ರೆವೆಲಿಯನ್ ಬಂದು ಇದೆಲ್ಲ ದಂಡದ ಖರ್ಚು ಅಂತ ಬಾಗಿಲು ಹಾಕಿಸಿದ. ಅಲ್ಲಿಗೆ ಟ್ರೈಪ್‌ನ ಫೋಟೋಗ್ರಫಿಯೂ ಹೆಚ್ಚುಕಡಿಮೆ ಮುಗಿದೇಹೋಯ್ತು. ಆರಂಭದಿಂದ ಅಂತ್ಯದವರೆಗೆ ಹತ್ತು ವರ್ಷವೂ ಇಲ್ಲ. ಪೆಟ್ಟಿಗೆ ಹೊತ್ತವರು, ನೀರು ತಂದವರ ಹೆಸರು ಆಲ್ಬಮ್ಮಿನ ಮುಖಪುಟದಲ್ಲಂತೂ ಇಲ್ಲ.

ಇದೇ ಸಮಯಕ್ಕೆ, 1856ರಲ್ಲಿ, ಅದೇ ಮದ್ರಾಸ್ ಸೈನ್ಯದ ಇನ್ನೊಬ್ಬ ಹವ್ಯಾಸಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಗೆ ಹೋಗಿದ್ದ. ಅವನದೂ ದೊಡ್ಡ ಮೇಣದ ಕಾಗದದ ನೆಗೆಟಿವ್‌ಗಳು. ಬಹಳ ಕಾಲ ಯಾರ ಗಮನಕ್ಕೂ ಬಾರದೆ ಇದ್ದವು, 1980ರ ದಶಕದಲ್ಲಿ ಬೆಳಕಿಗೆ ಬಂದವು. ಆಗ ಆಸ್ಟ್ರೇಲಿಯಾದ ಫೋಟೋಗ್ರಾಫರ್ ಜಾನ್ ಗಾಲಿಂಗ್ಸ್ ಹಂಪಿಗೆ ಬಂದು, ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ಕ್ಲಿಕ್ಕಿಸಿದ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಏನು ಉಳಿದಿದೆ, ಏನು ಹೋಗಿದೆ ಅಂತ ಬೆರಳಿಟ್ಟು ತೋರಿಸಬಹುದು.

ಒಂದು ಉದಾಹರಣೆ ನಿಮ್ಮ ಜೇಬಲ್ಲೇ ಇರಬಹುದು. ಹೊಸ 50 ರೂಪಾಯಿ ನೋಟು ತಿರುಗಿಸಿ, ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಇದೆ. ಮೇಲ್ಭಾಗ ಚಪ್ಪಟೆ ಅಲ್ವಾ? ಗ್ರೀನ್‌ಲಾನ ಫೋಟೊದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಶಿಖರ ಇನ್ನೂ ನಿಂತಿದೆ.