ಸುಳಾದಿ: ಮಾನ್ವಿ, ದೇವದುರ್ಗದ ದಾಸರು ಬಿಟ್ಟುಹೋದ ತಾಳಗಳು

ಸುಳಾದಿ ಎಂದರೆ ನುಡಿಯಿಂದ ನುಡಿಗೆ ತಾಳ ಬದಲಿಸುತ್ತ ಹೋಗಿ, ‘ಜತೆ’ ಎಂಬ ಎರಡು ಸಾಲಿನಲ್ಲಿ ಮುಗಿಯುವ ಹಾಡು. ಹರಿದಾಸ ಸಾಹಿತ್ಯದ ಪ್ರಕಾರಗಳಲ್ಲಿ ಕಟ್ಟುವುದಕ್ಕೆ ಇದರಷ್ಟು ಕಷ್ಟದ್ದು ಇನ್ನೊಂದಿಲ್ಲ. ಇವತ್ತು ಹಾಡುಗಾರಿಕೆಯಲ್ಲಿ ಇದರಷ್ಟು ಅಪರೂಪದ್ದೂ ಇಲ್ಲ. ಇದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿದವರು ಕೃಷ್ಣಾ–ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಯವರು. ಅವರ ಹೆಸರು ಎಲ್ಲರಿಗೂ ಗೊತ್ತು, ಅವರ ಕೀರ್ತನೆಗಳೂ ಗೊತ್ತು. ಸುಳಾದಿಗಳು ಮಾತ್ರ ಪುಸ್ತಕದಲ್ಲಿ ಉಳಿದವು.

ಈ ಪ್ರಕಾರ ಹುಟ್ಟಿದ್ದು ಇಲ್ಲಲ್ಲ. ಸಂಗೀತ ಶಾಸ್ತ್ರ ಹೇಳುವ ‘ಸಾಲಗ ಸೂಡ’ ಪ್ರಬಂಧಗಳೇ ಇದರ ಮೂಲ ಎನ್ನುವುದು ವಿದ್ವಾಂಸರ ಮತ. ‘ಸುಲಭದ ಹಾದಿ’ ಎಂದು ಹೆಸರು ಬಿಡಿಸುವವರೂ ಇದ್ದಾರೆ. ಹಾಡಿ ನೋಡಿದವರು ಅದನ್ನು ಒಪ್ಪುವುದು ಕಷ್ಟ. 15ನೆಯ ಶತಮಾನದ ಶ್ರೀಪಾದರಾಜರು, ಅವರ ನಂತರ ವ್ಯಾಸರಾಯರು, ಪುರಂದರದಾಸರು ಇದನ್ನು ಬಳಸಿದರು. ಸಂಗೀತ ಕಲಿಯಲು ಕುಳಿತ ಮಕ್ಕಳಿಗೆ ಅಲಂಕಾರ ಹೇಳಿಕೊಡುವಾಗ ಗುರುಗಳು ಈಗಲೂ ‘ಸುಳಾದಿ ಸಪ್ತ ತಾಳ’ ಎಂದೇ ಹೇಳುತ್ತಾರೆ: ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ. ಏಳೂ ತಾಳ ಬಾಯಿಗೆ ಬರುತ್ತವೆ. ಆದರೆ ಹೆಸರಿನಲ್ಲಿರುವ ಸುಳಾದಿಯನ್ನು ಒಂದು ಸಲವೂ ಕೇಳದೆ ಎಷ್ಟೋ ಮಕ್ಕಳು ವರ್ಣಕ್ಕೆ ದಾಟಿಬಿಡುತ್ತಾರೆ.

ವಿಜಯದಾಸರು (1682–1755) ಹುಟ್ಟಿದ್ದು ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ. ತಂದೆ ಶ್ರೀನಿವಾಸಪ್ಪ, ತಾಯಿ ಕೂಸಮ್ಮ. ದಾಸಪ್ಪ ಎಂದು ಕರೆದ ಮಗ ಬಡತನ ತಾಳಲಾರದೆ ಊರು ಬಿಟ್ಟ. ಕಾಶಿಯಲ್ಲಿ ಪುರಂದರದಾಸರು ಕನಸಿಗೆ ಬಂದು ‘ವಿಜಯವಿಠಲ’ ಅಂಕಿತ ಕೊಟ್ಟರು ಎಂಬುದು ಸಂಪ್ರದಾಯದ ನಂಬಿಕೆ. ಪುರಂದರದಾಸರ 4,75,000 ಪದಗಳಿಗೆ ಉಳಿದ 25,000 ಸೇರಿಸಿ ಐದು ಲಕ್ಷ ತುಂಬಿಸಿದವರು ಇವರೇ ಎನ್ನುತ್ತಾರೆ. ಆ ಲೆಕ್ಕವನ್ನು ಭಕ್ತಿಯ ಲೆಕ್ಕವೆಂದೇ ಓದಬೇಕು. ಅದನ್ನು ಬದಿಗಿಟ್ಟರೂ ಅಚ್ಚಾಗಿ ಕೈಗೆ ಸಿಗುವ ಸುಳಾದಿಗಳೇ ನೂರಾರು. ಕಾಶಿ, ತಿರುಪತಿ, ಉಡುಪಿ ಎಂದು ನಡೆದು ಸುತ್ತಿದ ಯಾತ್ರೆಗಳು ಕ್ಷೇತ್ರ ಸುಳಾದಿಗಳಾದವು. ದ್ವೈತದ ತಾರತಮ್ಯದ ಚರ್ಚೆಯೂ ಸುಳಾದಿಯಾಯಿತು. ಕೀರ್ತನೆಯ ಮೂರು ನುಡಿಗಳಲ್ಲಿ ಹಿಡಿಸದ ವಿಷಯವನ್ನು ಅವರು ಇಲ್ಲಿಗೆ ತಂದರು.

ಅಚ್ಚಿನ ಪುಟದಲ್ಲಿ ಸುಳಾದಿ ಕಾಣುವ ರೀತಿಯೇ ಬೇರೆ. ಮೇಲೆ ರಾಗದ ಹೆಸರು. ಕೆಳಗೆ ಪ್ರತಿ ನುಡಿಯ ನೆತ್ತಿಯ ಮೇಲೆ ಧ್ರುವತಾಳ, ಮಟ್ಟತಾಳ, ತ್ರಿವಿಡಿತಾಳ, ಅಟ್ಟತಾಳ, ಆದಿತಾಳ, ಕೊನೆಗೆ ಜತೆ. (ಮಟ್ಟ, ತ್ರಿವಿಡಿ ಎಂಬುವು ಮಠ್ಯ, ತ್ರಿಪುಟಗಳ ಕನ್ನಡ ಉಚ್ಚಾರ.) ಇಂದಿನ ಪಾಠದ ಲೆಕ್ಕದಲ್ಲಿ ಧ್ರುವತಾಳಕ್ಕೂ ಅಟ್ಟತಾಳಕ್ಕೂ ಅಕ್ಷರಗಳು 14. ಧ್ರುವ 4, 2, 4, 4 ಎಂದು ಒಡೆಯುತ್ತದೆ. ಅಟ್ಟ 5, 5, 2, 2 ಎಂದು. ಮೊತ್ತ ಒಂದೇ ಆದರೂ ಕೈಯ ಪೆಟ್ಟು ಬೀಳುವ ಜಾಗ ಬೇರೆ, ಹಾಗಾಗಿ ಮಾತು ನಿಲ್ಲುವ ಜಾಗವೂ ಬೇರೆ. ಒಂದೇ ಹಾಡಿನ ನಡುವೆ ಬೀಟ್ ಬದಲಿಸಿ ಕೇಳುಗರನ್ನು ಬೆಚ್ಚಿಸುವ ಈಗಿನ ರ‍್ಯಾಪ್ ಸಂಗೀತಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಿಜಯದಾಸರ ಶಿಷ್ಯರಲ್ಲಿ ಮುಖ್ಯರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಭಾಗಣ್ಣ, ಅಂದರೆ ಗೋಪಾಲದಾಸರು, ಅಂಕಿತ ‘ಗೋಪಾಲವಿಠಲ’. 1762ರಲ್ಲಿ ತೀರಿಕೊಂಡ ಅವರೂ ಸುಳಾದಿ ಕಟ್ಟಿದವರೇ. ಜನ ಅವರನ್ನು ನೆನೆಯುವುದು ಮಾತ್ರ ಇನ್ನೊಂದು ಕಥೆಯಿಂದ. ಮಾನ್ವಿಯ ಪಂಡಿತ ಶ್ರೀನಿವಾಸಾಚಾರ್ಯರಿಗೆ ಕನ್ನಡದಲ್ಲಿ ಹಾಡುವ ದಾಸರೆಂದರೆ ತಾತ್ಸಾರ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವೆಂದು ನೆಪ ಹೇಳಿದರಂತೆ. ನೆಪವೇ ನಿಜವಾಗಿ ಹೊಟ್ಟೆ ಹಿಡಿಯಿತು. ಕೊನೆಗೆ ಗೋಪಾಲದಾಸರು ಜೋಳದ ರೊಟ್ಟಿ ತಿನ್ನಿಸಿ ಗುಣಪಡಿಸಿದರು, ತಮ್ಮ ಆಯುಷ್ಯದ 40 ವರ್ಷ ಧಾರೆ ಎರೆದರು ಎಂದು ಕಥೆ. ಆ ಪಂಡಿತರೇ ಜಗನ್ನಾಥದಾಸರು (1728–1809), ಬ್ಯಾಗವಾಟದವರು. ಅವರ ‘ಹರಿಕಥಾಮೃತಸಾರ’ ಭಾಮಿನಿ ಷಟ್ಪದಿಯಲ್ಲಿದೆ, ‘ತತ್ತ್ವಸುವ್ವಾಲಿ’ ತ್ರಿಪದಿಯಲ್ಲಿ. ಗುರುಗಳು ತಾಳದ ಮೇಲೆ ತಾಳ ಹೂಡಿ ಕಟ್ಟಿದ ಶಾಸ್ತ್ರವನ್ನು ಶಿಷ್ಯರು ಒಂದೇ ಓಟದ ಛಂದಸ್ಸಿಗೆ ಇಳಿಸಿದರು. ಷಟ್ಪದಿಯನ್ನು ಯಾರು ಬೇಕಾದರೂ ರಾಗವಾಗಿ ಓದಬಹುದು. ಸುಳಾದಿ ಹಿಂದೆ ಸರಿಯುವುದಕ್ಕೆ ಆ ಮಹಾಕೃತಿಯ ಯಶಸ್ಸೂ ಒಂದಷ್ಟು ಕಾರಣವಾಗಿರಬೇಕು.

ಬೇರೆ ಕಾರಣಗಳೂ ಇವೆ. ಸುಳಾದಿಗೆ ಪಲ್ಲವಿಯಿಲ್ಲ. ಭಜನೆಯಲ್ಲಿ ಒಬ್ಬರು ನುಡಿ ಹೇಳಿದರೆ ಉಳಿದವರು ಪಲ್ಲವಿ ಎತ್ತಿಕೊಳ್ಳಬೇಕು. ಇಲ್ಲಿ ಎತ್ತಿಕೊಳ್ಳಲು ಏನೂ ಇಲ್ಲ. ಕೈಯಲ್ಲಿ ಚಿಟಿಕೆ ಹಿಡಿದವನಿಗೂ ಪ್ರತಿ ನುಡಿಗೆ ಹೊಸ ಲೆಕ್ಕ. ರಾಗ, ತಾಳದ ಹೆಸರುಗಳು ಬರಹದಲ್ಲಿ ಉಳಿದರೂ ದಾಸರು ಹಾಡಿದ ಧಾಟಿಗೆ ಸ್ವರಲಿಪಿ ಇಲ್ಲದ್ದರಿಂದ, ಬಾಯಿಂದ ಬಾಯಿಗೆ ಬರುವುದು ನಿಂತ ಕಡೆ ಹಾಡೂ ನಿಂತಿತು. 20ನೆಯ ಶತಮಾನದಲ್ಲಿ ಭೀಮಸೇನ ಜೋಶಿಯವರಂಥವರು ದಾಸರ ಪದಗಳನ್ನು ಹಿಂದುಸ್ತಾನಿ ಕಛೇರಿಗೆ ತಂದಾಗ ಕೀರ್ತನೆಗಳಿಗೆ ಎರಡನೆಯ ಆಯುಷ್ಯ ಸಿಕ್ಕಿತು. ಸುಳಾದಿಗೆ ಆ ಭಾಗ್ಯ ಬರಲಿಲ್ಲ.

ಪಠ್ಯ ಉಳಿದದ್ದು ಸಂಗ್ರಾಹಕರ ಶ್ರಮದಿಂದ. ಜಿಲ್ಲೆಯೊಳಗೇ ಲಿಂಗಸುಗೂರಿನ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಮೂಲಕ ಗೊರೆಬಾಳ ಹನುಮಂತರಾಯರು ದಾಸರ ಕೃತಿಗಳನ್ನು ಶೋಧಿಸಿ ಅಚ್ಚು ಹಾಕಿಸಿದರು. ಸಂಗೀತದ ಕಡೆಯಿಂದ ಸುಳಾದಿ, ಉಗಾಭೋಗಗಳ ಲಕ್ಷಣವನ್ನು ಆಳವಾಗಿ ಚರ್ಚಿಸಿದವರು ಮೈಸೂರಿನ ರಾ. ಸತ್ಯನಾರಾಯಣ.

ಪೂರ್ತಿ ಮರೆಯಾಗದ ಕೆಲವೂ ಇವೆ. ವಿಜಯದಾಸರ ದುರ್ಗಾ ಸುಳಾದಿ, ನರಸಿಂಹ ಸುಳಾದಿ, ಧನ್ವಂತ್ರಿ ಸುಳಾದಿಗಳನ್ನು ಮಾಧ್ವ ಮನೆಗಳಲ್ಲಿ ಇಂದಿಗೂ ಪಾರಾಯಣ ಮಾಡುತ್ತಾರೆ. ಭಯಕ್ಕೆ ಒಂದು, ಕಾಯಿಲೆಗೆ ಒಂದು ಎಂಬಂತೆ. ದೇವರ ಮುಂದೆ ಕುಳಿತ ಹೆಂಗಸರು ಧ್ರುವತಾಳ, ಮಟ್ಟತಾಳ ಎಂಬ ತಲೆಬರಹಗಳನ್ನು ಹಾಗೇ ದಾಟಿಸಿ, ಮೊದಲಿಂದ ಜತೆಯವರೆಗೆ ಒಂದೇ ಏರಿಳಿತದಲ್ಲಿ ಹೇಳಿ ಮುಗಿಸುತ್ತಾರೆ.