ಮೆಡಿಗ್ಯಾಪ್ ಬದಲಾವಣೆ ಮತ್ತು ಮೊದಲೇ ಇದ್ದ ಕಾಯಿಲೆಯ ನಿಯಮಗಳು

ಅಮೆರಿಕದಲ್ಲಿ 65 ದಾಟಿದವರಿಗೂ ಕೆಲವು ಅಂಗವಿಕಲರಿಗೂ ಇರುವ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್. ಅದು ಭರಿಸದೆ ಬಿಡುವ ಖರ್ಚನ್ನು ತುಂಬಿಕೊಡಲು ಖಾಸಗಿ ಕಂಪನಿಗಳು ಮಾರುವ ಪೂರಕ ಪಾಲಿಸಿಗೆ ಮೆಡಿಗ್ಯಾಪ್ ಎನ್ನುತ್ತಾರೆ. ಮೊದಲೇ ಕಾಯಿಲೆ ಇದ್ದವರು ಇಂಥ ಪಾಲಿಸಿ ಬದಲಿಸಹೊರಟರೆ ಎರಡು ತೊಡಕು ಎದುರಾಗಬಹುದು. ಪಾಲಿಸಿ ಕೊಟ್ಟರೂ ಆ ಕಾಯಿಲೆಯ ಖರ್ಚನ್ನು ಕೆಲವು ತಿಂಗಳು ಕೊಡದಿರುವುದು ಒಂದು. ಇದು ಕಾಯುವ ಅವಧಿ. ಆರೋಗ್ಯ ವಿಚಾರಿಸಿ ಪಾಲಿಸಿಯನ್ನೇ ನಿರಾಕರಿಸುವುದು ಅಥವಾ ಹೆಚ್ಚು ಪ್ರೀಮಿಯಂ ಕೇಳುವುದು ಇನ್ನೊಂದು. 1980ರಿಂದೀಚಿನ ಕಾನೂನುಗಳು ಮೊದಲ ತೊಡಕನ್ನು ಬಹುಮಟ್ಟಿಗೆ ನೀಗಿದವು. ಎರಡನೆಯದು ಬಹುತೇಕ ರಾಜ್ಯಗಳಲ್ಲಿ ಇನ್ನೂ ಉಳಿದಿದೆ.

ಹಿನ್ನೆಲೆ

1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಮೆಡಿಕೇರ್ ಕಾನೂನಿಗೆ ಸಹಿ ಹಾಕಿದರು. ಮರುವರ್ಷದ ಜುಲೈ 1ರಿಂದ ಅದು ಜಾರಿಗೆ ಬಂತು. ಆಸ್ಪತ್ರೆ ಖರ್ಚಿಗೆ ಭಾಗ ಎ, ವೈದ್ಯರ ಶುಲ್ಕಕ್ಕೆ ಭಾಗ ಬಿ. ಭಾಗ ಬಿಯ ಹೆಚ್ಚಿನ ಸೇವೆಗಳಲ್ಲಿ ಶೇ. 20ರಷ್ಟನ್ನು ರೋಗಿಯೇ ತೆರಬೇಕು, ಅದಕ್ಕೆ ವಾರ್ಷಿಕ ಮಿತಿಯಿಲ್ಲ. ಈ ಕೊರತೆಯೇ ಪೂರಕ ಪಾಲಿಸಿಗಳ ಮಾರುಕಟ್ಟೆಯನ್ನು ಬೆಳೆಸಿತು. 1970ರ ದಶಕದಲ್ಲಿ ಹೆದರಿದ ವೃದ್ಧರಿಗೆ ಒಂದರ ಮೇಲೊಂದು ಪಾಲಿಸಿ ಮಾರುವ ಏಜೆಂಟರ ಚಾಳಿ ಸಂಸತ್ತಿನ ವಿಚಾರಣೆಗಳಲ್ಲಿ ಬಯಲಾಯಿತು. ಹಳೆಯದನ್ನು ಬಿಡಿಸಿ ಹೊಸದನ್ನು ಕೊಳ್ಳಿಸಿದಾಗಲೆಲ್ಲ ಕಾಯುವ ಅವಧಿ ಮತ್ತೆ ಮೊದಲಿಂದ ಶುರುವಾಗಬಹುದಿತ್ತು. ಕಮಿಷನ್ ಏಜೆಂಟನಿಗೆ, ನಷ್ಟ ರೋಗಿಗೆ.

1980: ಆರು ತಿಂಗಳ ಮಿತಿ

ಮೊಂಟಾನಾದ ಸೆನೆಟರ್ ಮ್ಯಾಕ್ಸ್ ಬಾಕಸ್ ಹೆಸರಿನಿಂದ ಕರೆಯುವ 1980ರ ತಿದ್ದುಪಡಿ, ರಾಜ್ಯ ವಿಮಾ ಆಯುಕ್ತರ ಸಂಘ ರೂಪಿಸಿದ ಮಾದರಿ ನಿಯಮಗಳಿಗೆ ಒಕ್ಕೂಟ ಸರ್ಕಾರದ ಬಲ ಕೊಟ್ಟಿತು. ಪಾಲಿಸಿ ಆರಂಭಕ್ಕೆ ಹಿಂದಿನ ಆರು ತಿಂಗಳಲ್ಲಿ ಚಿಕಿತ್ಸೆ ಅಥವಾ ವೈದ್ಯರ ಸಲಹೆ ಪಡೆದಿದ್ದರೆ ಮಾತ್ರ ಅದು ಮೊದಲೇ ಇದ್ದ ಕಾಯಿಲೆ. ಅದನ್ನು ಹೊರಗಿಡಬಹುದಾದದ್ದು ಹೆಚ್ಚೆಂದರೆ ಮುಂದಿನ ಆರು ತಿಂಗಳು. ಈ ಅವಧಿಯಲ್ಲೂ ಮೆಡಿಕೇರ್ ತನ್ನ ಪಾಲನ್ನು ಕೊಡುತ್ತಲೇ ಇರುತ್ತದೆ. ಪೂರಕ ಪಾಲಿಸಿಯ ಪಾಲು ಮಾತ್ರ ರೋಗಿಯ ಮೇಲೆ ಬೀಳುತ್ತದೆ.

1990: ಕಾದ ತಿಂಗಳಿಗೆ ಲೆಕ್ಕ

1990ರ ಆಯವ್ಯಯ ಸಮನ್ವಯ ಕಾಯ್ದೆ ಈ ಇತಿಹಾಸದ ಮುಖ್ಯ ಘಟ್ಟ. ಅದರ ಫಲವಾಗಿ 1992ರಿಂದ ಪಾಲಿಸಿಗಳು ಎ ಇಂದ ಜೆವರೆಗಿನ ಹತ್ತು ಏಕರೂಪದ ಯೋಜನೆಗಳಾದವು. ಮ್ಯಾಸಚೂಸೆಟ್ಸ್, ಮಿನೆಸೋಟ, ವಿಸ್ಕಾನ್ಸಿನ್ ತಮ್ಮದೇ ಮಾದರಿ ಉಳಿಸಿಕೊಂಡವು. ಒಂದಿರುವಾಗಲೇ ಇನ್ನೊಂದನ್ನು ಮಾರುವುದಕ್ಕೆ ತಡೆ ಬಿತ್ತು. ಪಾಲಿಸಿ ಬದಲಿಸಿದವರಿಗೆ, ಹಳೆಯದರಲ್ಲಿ ಕಾದು ಮುಗಿಸಿದ ತಿಂಗಳುಗಳನ್ನು ಹೊಸ ಕಂಪನಿ ಒಪ್ಪಲೇಬೇಕಾಯಿತು. ಆರು ತಿಂಗಳು ಪೂರೈಸಿದವರು ಅದೇ ಸೌಲಭ್ಯಕ್ಕೆ ಮತ್ತೆ ಕಾಯಬೇಕಿಲ್ಲ. ಹಳೆಯದರಲ್ಲಿ ಇಲ್ಲದ ಹೊಸ ಸೌಲಭ್ಯಕ್ಕಷ್ಟೇ ಕಾಯಬೇಕಾಗಬಹುದು.

ಇದೇ ಕಾಯ್ದೆ ಇನ್ನೊಂದು ಹಕ್ಕನ್ನೂ ಕೊಟ್ಟಿತು. 65 ತುಂಬಿ ಭಾಗ ಬಿಗೆ ಸೇರಿದವರಿಗೆ ಮೊದಲ ಆರು ತಿಂಗಳು ಯಾವ ಕಾಯಿಲೆಯಿದ್ದರೂ ಪಾಲಿಸಿ ನಿರಾಕರಿಸುವಂತಿಲ್ಲ. ಆದರೆ ಈ ಮುಕ್ತ ಅವಧಿ ಒಮ್ಮೆ ಮಾತ್ರ ಸಿಗುತ್ತದೆ, ಪ್ರತಿ ವರ್ಷವಲ್ಲ. 65 ತುಂಬದ ಅಂಗವಿಕಲರಿಗೆ ಒಕ್ಕೂಟದ ಕಾನೂನು ಇದನ್ನು ಕೊಡಲಿಲ್ಲ. ಅವರ ಹಣೆಬರಹ ಆಯಾ ರಾಜ್ಯದ ಕೈಗೆ ಹೋಯಿತು.

1997ರ ನಂತರ

1997ರ ಸಮತೋಲಿತ ಆಯವ್ಯಯ ಕಾಯ್ದೆ ತಮ್ಮ ತಪ್ಪಿಲ್ಲದೆ ರಕ್ಷಣೆ ಕಳೆದುಕೊಂಡವರ ನೆರವಿಗೆ ಬಂತು. ಕೆಲಸ ಕೊಟ್ಟ ಕಂಪನಿಯ ಪೂರಕ ವಿಮೆ ನಿಂತುಹೋದರೆ, ಮೆಡಿಕೇರ್ ಸೌಲಭ್ಯವನ್ನೇ ಖಾಸಗಿ ಕಂಪನಿಯ ಮೂಲಕ ಕೊಡುವ ಖಾಸಗಿ ಮೆಡಿಕೇರ್ ಯೋಜನೆ ಅವರ ಪ್ರದೇಶ ಬಿಟ್ಟುಹೋದರೆ, 63 ದಿನಗಳೊಳಗೆ ಅರ್ಜಿ ಹಾಕಿದವರಿಗೆ ನಿಗದಿತ ಯೋಜನೆಗಳನ್ನು ಕೊಡಲೇಬೇಕು. ಕಾಯುವ ಅವಧಿಯನ್ನೂ ಹೇರುವಂತಿಲ್ಲ. ಮೆಡಿಗ್ಯಾಪ್ ಬಿಟ್ಟು ಮೊದಲ ಬಾರಿಗೆ ಖಾಸಗಿ ಮೆಡಿಕೇರ್ ಯೋಜನೆ ಸೇರಿದವರು ಒಂದು ವರ್ಷದೊಳಗೆ ಹಿಂತಿರುಗಬಹುದು. 2008ರ ಕಾನೂನು ಆನುವಂಶಿಕ ಮಾಹಿತಿ ಆಧರಿಸಿ ತಾರತಮ್ಯ ಮಾಡುವುದನ್ನು ಮೆಡಿಗ್ಯಾಪ್‌ನಲ್ಲೂ ನಿಷೇಧಿಸಿತು.

2010ರಲ್ಲಿ ಬಂದ ಅಫರ್ಡಬಲ್ ಕೇರ್ ಕಾಯ್ದೆ 2014ರಿಂದ ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಕಾಯಿಲೆ ನೋಡಿ ನಿರಾಕರಿಸುವುದನ್ನು ಕೊನೆಗೊಳಿಸಿತು. ಆ ರಕ್ಷಣೆ ಮೆಡಿಗ್ಯಾಪ್‌ಗೆ ಅನ್ವಯಿಸಲಿಲ್ಲ. ಹೀಗಾಗಿ ಅರುವತ್ತರ ಮಧುಮೇಹಿಗೆ ಸಿಗುವ ಭರವಸೆ ಎಪ್ಪತ್ತರ ಮಧುಮೇಹಿಗೆ ಸಿಗದ ಅಸಂಗತಿ ಹುಟ್ಟಿತು.

ರಾಜ್ಯಗಳ ದಾರಿ

ಕನೆಕ್ಟಿಕಟ್ ಮತ್ತು ನ್ಯೂಯಾರ್ಕ್‌ನಲ್ಲಿ 65 ದಾಟಿದವರು ವರ್ಷವಿಡೀ ಆರೋಗ್ಯ ಪರಿಶೀಲನೆಯಿಲ್ಲದೆ ಪಾಲಿಸಿ ಪಡೆಯಬಹುದು. ಮ್ಯಾಸಚೂಸೆಟ್ಸ್, ಮೇನ್ ರಾಜ್ಯಗಳಲ್ಲಿ ವರ್ಷಕ್ಕೊಮ್ಮೆಯಾದರೂ ಅವಕಾಶವಿದೆ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟುಹಬ್ಬದಿಂದ 60 ದಿನಗಳವರೆಗೆ ಸಮಾನ ಅಥವಾ ಕಡಿಮೆ ಸೌಲಭ್ಯದ ಪಾಲಿಸಿಗೆ ಬದಲಾಗಬಹುದು. ಮಿಸೌರಿಯಲ್ಲಿ ಪಾಲಿಸಿಯ ವಾರ್ಷಿಕ ದಿನದ ಹಿಂದು ಮುಂದಿನ 30 ದಿನಗಳಲ್ಲಿ ಅದೇ ಅಕ್ಷರದ ಯೋಜನೆಗೆ ಕಂಪನಿ ಬದಲಿಸಬಹುದು.

ವಲಸೆ ಕುಟುಂಬಗಳಲ್ಲಿ

ಮಕ್ಕಳ ಬಳಿ ನೆಲೆಸಲು ಕರ್ನಾಟಕದಿಂದ ಹೋದ ತಂದೆತಾಯಿಯರು ಗ್ರೀನ್ ಕಾರ್ಡ್ ಪಡೆದು ಐದು ವರ್ಷ ನಿರಂತರವಾಗಿ ಅಲ್ಲಿದ್ದರೆ, 65 ದಾಟಿದ ಮೇಲೆ ಹಣ ಕಟ್ಟಿ ಮೆಡಿಕೇರ್ ಸೇರಬಹುದು. ಅವರಿಗೂ ಭಾಗ ಬಿ ಆರಂಭವಾದ ದಿನದಿಂದಲೇ ಆರು ತಿಂಗಳ ಮುಕ್ತ ಅವಧಿ ಎಣಿಕೆಯಾಗುತ್ತದೆ.

ಈಗಿನ ಸ್ಥಿತಿ

ಬಹುತೇಕ ರಾಜ್ಯಗಳಲ್ಲಿ ಮುಕ್ತ ಅವಧಿ ಕಳೆದ ಮೇಲೆ ಪಾಲಿಸಿ ಬದಲಿಸುವವರು ಆರೋಗ್ಯದ ಪ್ರಶ್ನೆಗಳಿಗೆ ಉತ್ತರಿಸಲೇಬೇಕು. ಕಾದ ತಿಂಗಳ ಲೆಕ್ಕ ಕೈಯಲ್ಲಿದ್ದರೂ ಹೊಸ ಕಂಪನಿ ಪಾಲಿಸಿ ಕೊಡಲು ಒಪ್ಪದಿದ್ದರೆ ಅದು ಉಪಯೋಗಕ್ಕೆ ಬರದು. ಹೊಸ ಪಾಲಿಸಿಯನ್ನು ಪರೀಕ್ಷಿಸಿ ಹಿಂತಿರುಗಿಸಲು 30 ದಿನ ಅವಕಾಶವಿರುವುದರಿಂದ, ಎರಡು ಪ್ರೀಮಿಯಂ ಕಟ್ಟಬೇಕಾದರೂ ಆವರೆಗೆ ಹಳೆಯದನ್ನು ಬಿಡದಿರುವುದು ಕ್ಷೇಮ. ಪ್ರೀಮಿಯಂ ಏರುವುದು ವಯಸ್ಸಾದಾಗ, ಕಾಯಿಲೆ ಹೆಚ್ಚುವುದೂ ಆಗಲೇ. ಬದಲಾವಣೆಯ ಹಕ್ಕು ಅತಿ ಅಗತ್ಯವಾದ ವಯಸ್ಸಿನಲ್ಲೇ ಅದನ್ನು ಕಾಯಿಲೆಗೆ ಕಟ್ಟಿಹಾಕಿರುವುದು ಈ ಕಾನೂನಿನಲ್ಲಿ ಉಳಿದಿರುವ ದೊಡ್ಡ ಅನ್ಯಾಯ.