ಒಂದು ಕಂಚಿನ ಪದಕದ ವಿಚಾರ

ನಮ್ಮ ನಾಡಿನ ಚರಿತ್ರೆಯನ್ನು ಶೋಧಿಸುವವರಿಗೆ ವೀರಗಲ್ಲುಗಳು ಚಿರಪರಿಚಿತವಾದ ಆಧಾರಗಳು. ತುರುಗಾಳಗದಲ್ಲಿ ಕಾದಿ ಸತ್ತವನ ಹೆಸರು, ಅವನ ಒಡೆಯನ ಹೆಸರು, ಕಲ್ಲನ್ನು ನಿಲ್ಲಿಸಿದವರ ಹೆಸರು ಅಲ್ಲಿ ದೊರೆಯುತ್ತವೆ. ಅದೇ ಕಾಳಗದಿಂದ ಬದುಕಿ ಮನೆಗೆ ಬಂದವನಿಗಾದರೋ ಕಲ್ಲಿಲ್ಲ. ಅವನ ವೃತ್ತಾಂತವು ಮನೆಯವರ ಬಾಯಿಂದ ಬಾಯಿಗೆ ಸಾಗಿ, ಎರಡು ಮೂರು ತಲೆಗಳಲ್ಲಿ ರೂಪಾಂತರವನ್ನು ಹೊಂದಿ, ಕಡೆಗೆ ಮರೆಯಾಗುವುದೇ ಹೆಚ್ಚು. ಶತಮಾನದ ಹಿಂದೆ ನಡೆದ ಮಹಾಯುದ್ಧದ ವಿಷಯದಲ್ಲಿಯೂ ಈ ಮಾತು ಸಲ್ಲುತ್ತದೆ. ಆ ಯುದ್ಧಕ್ಕೆ ಹೋಗಿ ಬಂದ ಪೂರ್ವಿಕರೊಬ್ಬರ ಸೇವೆಯನ್ನು ಆಧಾರಗಳಿಂದ ನಿರ್ಣಯಿಸಲು ಸಾಧ್ಯವೇ, ಸಾಧ್ಯವಾದರೆ ಎಷ್ಟರಮಟ್ಟಿಗೆ ಎಂಬುದನ್ನು ಒಂದು ಕುಟುಂಬದ ನಿದರ್ಶನದಿಂದ ವಿಚಾರಿಸುವುದು ಈ ಲೇಖನದ ಉದ್ದೇಶ. ಆ ಕುಟುಂಬವು ನನ್ನದೇ ಆದುದರಿಂದ ಪಕ್ಷಪಾತಕ್ಕೆ ಎಡೆಯುಂಟು. ವಾಚಕರು ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕೆಂದು ಕೋರುತ್ತೇನೆ.

ಮೊದಲು ಐತಿಹ್ಯವನ್ನು ಹೇಳುವೆನು. ನನ್ನ ಮುತ್ತಾತನವರು ಮೈಸೂರು ಲಾನ್ಸರ್ಸ್ ಎಂಬ ಅಶ್ವದಳದಲ್ಲಿ ಈಟಿಯ ಸವಾರರಾಗಿದ್ದರೆಂದೂ, ಹೈಫಾ ಎಂಬ ಪಟ್ಟಣವನ್ನು ಹಿಡಿದ ಕಾಳಗದಲ್ಲಿ ಕುದುರೆಯೇರಿ ಮುನ್ನುಗ್ಗಿದರೆಂದೂ, ಅದಕ್ಕಾಗಿ ಬೆಳ್ಳಿಯ ಪದಕವನ್ನೂ ಎರಡು ಎಕರೆ ಇನಾಮು ಭೂಮಿಯನ್ನೂ ಪಡೆದರೆಂದೂ ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಬೆಳ್ಳಿಯ ಪದಕವು ಕಷ್ಟಕಾಲದಲ್ಲಿ ಅಡವಿಗೆ ಹೋಗಿ ಮರಳಿ ಬರಲಿಲ್ಲವಂತೆ. ಈಗ ಉಳಿದಿರುವ ಕಂದುಬಣ್ಣದ ಪದಕವು ಅದರ ಪ್ರತಿಕೃತಿ ಮಾತ್ರವಂತೆ. ಬಾಲ್ಯದಲ್ಲಿ ಮುತ್ತಾತನವರ ಬಾಯಿಂದಲೇ ಯುದ್ಧದ ಮಾತುಗಳನ್ನು ಕೇಳಿದ್ದ ನಮ್ಮ ದೊಡ್ಡಪ್ಪನವರು ಈ ಐತಿಹ್ಯಕ್ಕೆ ಮುಖ್ಯ ಆಕರ. ಪದಕದ ಹಿಂಬದಿಯಲ್ಲಿ ಕುದುರೆಯೇರಿದ ಪುರುಷನ ಚಿತ್ರವಿರುವುದನ್ನು ಅವರು ಸಾಕ್ಷಿಯಾಗಿ ತೋರಿಸುತ್ತಿದ್ದರು.

ಇನ್ನು ದಳದ ಚರಿತ್ರೆ. ದೇಶೀಯ ಸಂಸ್ಥಾನಗಳು ಸಾಮ್ರಾಜ್ಯದ ಸೇವೆಗೆಂದು ಪ್ರತ್ಯೇಕ ದಳಗಳನ್ನು ಸಾಕಬೇಕೆಂಬ ಯೋಜನೆಯು 1880ರ ದಶಕದ ಕೊನೆಯಲ್ಲಿ ಏರ್ಪಟ್ಟಿತು. ಮೈಸೂರು ಲಾನ್ಸರ್ಸ್ ಅಂತಹ ದಳಗಳಲ್ಲೊಂದು. 1914ರಲ್ಲಿ ಯುದ್ಧವು ಆರಂಭವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರವರು ಯುದ್ಧದ ವೆಚ್ಚಕ್ಕೆ 50 ಲಕ್ಷ ರೂಪಾಯಿಗಳನ್ನು ನೀಡಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಅಶ್ವದಳವು ಬೆಂಗಳೂರನ್ನು ಬಿಟ್ಟು ಈಜಿಪ್ಟಿಗೆ ತೆರಳಿತು. ರೆಜಿಮೆಂಟುದಾರ್ ಬಿ. ಚಾಮರಾಜ ಅರಸಿನವರು ಅದರ ನಾಯಕರು. ಸೂಯೆಜ್ ಕಾಲುವೆಯ ರಕ್ಷಣೆ, ಗಾಜಾದ ಕಾರ್ಯಾಚರಣೆ, 1918ರ ಸೆಪ್ಟೆಂಬರ್ 23ರ ಹೈಫಾ ಕಾಳಗ, ಅಕ್ಟೋಬರ್ 26ರಂದು ಅಲೆಪ್ಪೊ ಬಳಿಯ ಹರಿತಾನ್ ಕಾಳಗ: ಇವು ಆ ದಳದ ಚರಿತ್ರೆಯ ಮುಖ್ಯ ಘಟ್ಟಗಳು. ದಳವು ಸ್ವದೇಶಕ್ಕೆ ಮರಳಿದುದು 1920ರಲ್ಲಿ. ಮಡಿದವರ ಸ್ಮಾರಕವು ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. ದೆಹಲಿಯಲ್ಲಿ ಹೈದರಾಬಾದ್, ಜೋಧಪುರ, ಮೈಸೂರು ಈ ಮೂರು ದಳಗಳ ನೆನಪಿಗೆ ನಿಂತ ಮೂರು ಪ್ರತಿಮೆಗಳಿಂದಲೇ ಅಲ್ಲಿನ ವೃತ್ತಕ್ಕೆ ತೀನ್ ಮೂರ್ತಿ ಎಂಬ ಹೆಸರು ಬಂದಿತು.

ಐತಿಹ್ಯದಲ್ಲಿ ಹೇಳಿದ ಊರುಗಳೂ ಕಾಲವೂ ದಳದ ಚರಿತ್ರೆಗೆ ಹೊಂದಿಕೊಳ್ಳುತ್ತವೆ. ಆದರೆ ದಳದ ಚರಿತ್ರೆಯು ವ್ಯಕ್ತಿಯ ಚರಿತ್ರೆಯಾಗಲಾರದು. ಪ್ರಸಿದ್ಧವಾದ ಒಂದು ವಿಜಯವು ಆ ದಳಕ್ಕೆ ಸೇರಿದ ಎಲ್ಲ ಮನೆಗಳ ನೆನಪನ್ನೂ ತನ್ನ ಕಡೆಗೆ ಸೆಳೆದುಕೊಳ್ಳುವುದು ಸಹಜ. ಆದಕಾರಣ ಮುತ್ತಾತನವರಿಗೇ ಸಂಬಂಧಿಸಿದ ಪ್ರಮಾಣವು ಬೇಕಾಯಿತು. ಅಂತಹ ಪ್ರಮಾಣವು ದೂರದ ಯಾವ ದಫ್ತರಖಾನೆಯಲ್ಲಿಯೂ ಇರದೆ ಮನೆಯ ಪೆಟ್ಟಿಗೆಯಲ್ಲಿಯೇ ಇದ್ದಿತು.

ಪದಕವು ಬ್ರಿಟಿಷ್ ಯುದ್ಧಪದಕವೆಂದು ಪ್ರಸಿದ್ಧವಾದ ಜಾತಿಯದು. ಮುಂಬದಿಯಲ್ಲಿ ಐದನೆಯ ಜಾರ್ಜ್ ದೊರೆಯ ಮುಖ. ಹಿಂಬದಿಯಲ್ಲಿ ಹದ್ದಿನ ಲಾಂಛನವುಳ್ಳ ಗುರಾಣಿಯನ್ನು ತುಳಿಯುತ್ತಿರುವ ಕುದುರೆಯ ಮೇಲೆ ಒಬ್ಬ ಪುರುಷ. ಜೊತೆಗೆ 1914, 1918 ಎಂಬ ವರ್ಷಗಳು. ಈ ಸವಾರನು ಆ ಜಾತಿಯ ಎಲ್ಲ ಪದಕಗಳ ಮೇಲೂ ಇದ್ದಾನೆ. ಕಾಲಾಳುಗಳೂ ಹಡಗಿನ ನಾವಿಕರೂ ಅದೇ ಚಿತ್ರವುಳ್ಳ ಪದಕವನ್ನು ಪಡೆದರು. ಆದುದರಿಂದ ಧರಿಸಿದವನು ಸವಾರನೆಂಬುದಕ್ಕೆ ಆ ಚಿತ್ರವು ಸಾಕ್ಷಿಯಾಗಲಾರದು. ಹೈಫಾ ಎಂದಾಗಲಿ ಬೇರೆ ಯಾವ ಕಾಳಗದ ಹೆಸರಾಗಲಿ ಈ ಪದಕದ ಮೇಲಿಲ್ಲ.

ಎರಡನೆಯದು ಲೋಹದ ವಿಚಾರ. ಈ ಪದಕವು ಸಾಮಾನ್ಯವಾಗಿ ಬೆಳ್ಳಿಯದು. ಸುಮಾರು 65 ಲಕ್ಷ ಬೆಳ್ಳಿಯ ಪದಕಗಳು ಹಂಚಲ್ಪಟ್ಟವು. ಇವಲ್ಲದೆ ಸುಮಾರು 1 ಲಕ್ಷ 10 ಸಾವಿರ ಪದಕಗಳನ್ನು ಕಂಚಿನಲ್ಲಿ ಮಾಡಿಸಿ, ಭಾರತ, ಚೀನ, ಮಾಲ್ಟ ಮುಂತಾದ ದೇಶಗಳ ಕೂಲಿದಳಗಳವರಿಗೂ ಸೇನೆಯ ಪರಿಚಾರಕರಿಗೂ ಕೊಟ್ಟರು. ನಮ್ಮ ಮನೆಯ ಪದಕವು ಕಂಚಿನದು. ಅದು ಯಾವ ಬೆಳ್ಳಿಯ ಪದಕದ ಪ್ರತಿಕೃತಿಯೂ ಅಲ್ಲ. ಸರಕಾರವೇ ಕೊಟ್ಟ ಮೂಲ ಪದಕ.

ಮೂರನೆಯದೂ ನಿರ್ಣಾಯಕವೂ ಆದುದು ಅಂಚಿನ ಬರೆಹ. ಈ ಪದಕಗಳ ಅಂಚಿನಲ್ಲಿ ಪಡೆದವನ ಸಂಖ್ಯೆ, ಅಂತಸ್ತು, ಹೆಸರು, ದಳ ಇವನ್ನು ಸಣ್ಣ ಅಕ್ಷರಗಳಲ್ಲಿ ಒತ್ತುವುದು ರೂಢಿ. ತಲೆಮಾರುಗಳಿಂದ ಹುಣಿಸೆಹಣ್ಣು ಹಚ್ಚಿ ತಿಕ್ಕಿದ ಕಾರಣ ನಮ್ಮ ಪದಕದ ಅಂಚು ಬಹಳ ಸವೆದಿದೆ. ಶಾಸನವನ್ನು ಓದುವಂತೆ ಓರೆಬೆಳಕಿನಲ್ಲಿ ಹಿಡಿದು, ಕಾಗದದ ಮೇಲೆ ಅಚ್ಚು ತೆಗೆದು ನೋಡಿದಾಗ, ಮುತ್ತಾತನವರ ಹೆಸರು, ಇಂಗ್ಲಿಷ್ ಲಿಪಿಕಾರನ ಕೈಯಲ್ಲಿ ಒಂದಕ್ಷರ ಲೋಪಗೊಂಡು, ಕಾಣಿಸಿತು. ದಳದ ಹೆಸರು ಮೈಸೂರು ಲಾನ್ಸರ್ಸ್ ಎಂದೇ ಇದೆ. ಅಂತಸ್ತಿನ ಸ್ಥಾನದಲ್ಲಿರುವ ಮಾತು ಸೈಸ್ ಎಂದು. ಅಂದರೆ ಲಾಯದಲ್ಲಿ ಕುದುರೆಯನ್ನು ನೋಡಿಕೊಳ್ಳುವ ಆಳು.

ಇನಾಮು ಭೂಮಿಯ ಮಾತು ಉಳಿಯಿತು. ಅದೇ ಪೆಟ್ಟಿಗೆಯಲ್ಲಿದ್ದ 1921ರ ಕ್ರಯಪತ್ರದಿಂದ ಆ ಎರಡು ಎಕರೆಯನ್ನು ಮುತ್ತಾತನವರು ರೊಕ್ಕ ಕೊಟ್ಟು ಕೊಂಡರೆಂದು ತಿಳಿಯಬರುತ್ತದೆ. ದಳವು ಮರಳಿದ ಮರುವರ್ಷವೇ ಅದನ್ನು ಕೊಂಡುದರಿಂದ, ಹಣವು ಸಂಬಳದ ಉಳಿತಾಯವಾಗಿರಬಹುದೆಂದು ಊಹಿಸಲು ಅವಕಾಶವಿದೆ.

ಹಾಗಾದರೆ ಅವರು ಹೈಫಾದಲ್ಲಿದ್ದರೇ? ಹೈಫಾ ಪಟ್ಟಣವು ಕಾರ್ಮೆಲ್ ಬೆಟ್ಟಕ್ಕೂ ಕಡಲಿಗೂ ನಡುವೆ ಇದೆ. ಬೆಟ್ಟಕ್ಕೂ ಕಿಷೋನ್ ಹೊಳೆಗೂ ನಡುವಣ ಇಕ್ಕಟ್ಟಾದ ದಾರಿಯನ್ನು ತುರ್ಕರ ಬಂದೂಕುಗಳು ಕಾಯುತ್ತಿದ್ದವು. ಮೈಸೂರಿನ ಒಂದು ತುಕಡಿಯು ಬೆಟ್ಟದ ಮೇಲಿನ ಫಿರಂಗಿಗಳನ್ನು ಹಿಡಿಯಲು ಕಡಿದಾದ ಹಾದಿಯನ್ನೇರಿತು. ಜೋಧಪುರದ ಸವಾರರು ಕೆಳಗಿನಿಂದ ನುಗ್ಗಿದರು. ಅವರ ನಾಯಕ ಮೇಜರ್ ದಲಪತ್ ಸಿಂಗರು ಅಲ್ಲಿ ಮಡಿದರು. ಆ ದಿನ ಸತ್ತವರು 8 ಮಂದಿ, ಗಾಯಗೊಂಡವರು 34 ಮಂದಿ; ಸತ್ತ ಕುದುರೆಗಳು 60, ಗಾಯಗೊಂಡ ಕುದುರೆಗಳು 83; ಸೆರೆಸಿಕ್ಕ ಶತ್ರುಗಳು 1350. ಈ ಲೆಕ್ಕದಲ್ಲಿ ಸವಾರರಿದ್ದಾರೆ, ಕುದುರೆಗಳಿವೆ, ಸೆರೆಯಾಳುಗಳಿದ್ದಾರೆ. ಗಾಯಗೊಂಡ 83 ಕುದುರೆಗಳಿಗೆ ನೀರು ಕುಡಿಸಿ ಗಾಯ ತೊಳೆದವರು ಯಾರೆಂಬ ಪ್ರಶ್ನೆಗೆ ಅದರಲ್ಲಿ ಸ್ಥಳವಿಲ್ಲ. ಈ ದಳವು ಸೇರಿದ್ದ 5ನೆಯ ಅಶ್ವಸೇನಾ ವಿಭಾಗವು ಸೆಪ್ಟೆಂಬರ್ 19ರಿಂದ ಅಕ್ಟೋಬರ್ 26ರವರೆಗಿನ 38 ದಿನಗಳಲ್ಲಿ 500 ಮೈಲಿಗೂ ಮೇಲ್ಪಟ್ಟು ನಡೆಯಿತು. ಅಂತಹ ನಡೆಯಲ್ಲಿ ಕುದುರೆಯ ಆರೈಕೆಯು ಸಾಮಾನ್ಯವಾದ ಕೆಲಸವಾಗಿರಲಾರದು.

ಮುತ್ತಾತನವರು ಹೇಳುತ್ತಿದ್ದ ಮಾತುಗಳಲ್ಲಿ ಎರಡನ್ನು ದೊಡ್ಡಪ್ಪನವರು ಹಾಗೆಯೇ ನೆನಪಿಟ್ಟಿದ್ದಾರೆ. “ಬೆಟ್ಟದ ಕಾಲಿಗೇ ಸಮುದ್ರ” ಎಂಬುದು ಒಂದು. “ಸಂಜೆ ಬರಿಯ ಜೀನುಗಳು ಬಂದವು” ಎಂಬುದು ಇನ್ನೊಂದು. ಮೊದಲನೆಯದು ಹೈಫಾದ ನೆಲಕ್ಕೆ ಒಪ್ಪುತ್ತದೆ. ಆದರೂ ಅದನ್ನು ಜೊತೆಯವರಿಂದ ಕೇಳಿ ಹೇಳಿರಬಹುದು. ಎರಡನೆಯದು ಮುನ್ನುಗ್ಗಿದ ಸವಾರನ ಮಾತಿನಂತಿಲ್ಲ. ಹಿಂದೆ ನಿಂತು, ಹೋದ ಕುದುರೆಗಳು ಮರಳುವುದನ್ನು ಕಾಯುತ್ತಿದ್ದವನ ಮಾತಿನಂತಿದೆ. ಮನೆಯವರು ಅದನ್ನು ಸವಾರನ ಮಾತೆಂದೇ ಭಾವಿಸಿ ನೂರು ಸಲ ಕೇಳಿದ್ದರು.

ಆದುದರಿಂದ ನಿರ್ಣಯವನ್ನು ಮೂರು ದರ್ಜೆಗಳಲ್ಲಿ ಹೇಳಬೇಕಾಗಿದೆ. ಮುತ್ತಾತನವರು ಮೈಸೂರು ಲಾನ್ಸರ್ಸ್ ದಳದೊಡನೆ ಸೈಸರಾಗಿ ಯುದ್ಧಕಾಲದಲ್ಲಿ ಸೇವೆ ಮಾಡಿದರೆಂಬುದು ಸಿದ್ಧ. ಹೈಫಾ ಕಾಳಗದ ದಿನ ಅವರು ದಳದ ಹಿಂಬದಿಯಲ್ಲಿದ್ದರೆಂಬುದು ಸಂಭಾವ್ಯ. ಈಟಿ ಹಿಡಿದು ಮುನ್ನುಗ್ಗಿದುದು, ಬೆಳ್ಳಿಯ ಪದಕ, ಇನಾಮು ಭೂಮಿ, ಈ ಮೂರೂ ನಿರಾಧಾರ.

ಇಂತಹ ಶೋಧನೆಯಲ್ಲಿ ತೊಡಗುವ ಇತರರಿಗೆ ಒಂದೆರಡು ಮಾತುಗಳು ಉಪಯುಕ್ತವಾಗಬಹುದು. ಮೊದಲು ಮನೆಯಲ್ಲಿರುವ ವಸ್ತುವನ್ನು ಓದಬೇಕು. ದಳದ ಹೆಸರು ಖಚಿತವಾಗದೆ ದಫ್ತರಖಾನೆಗೆ ಹೋದರೆ ಶ್ರಮವು ವ್ಯರ್ಥ. ದಳಗಳ ದಿನಚರಿಗಳು ಲಂಡನ್ನಿನ ರಾಷ್ಟ್ರೀಯ ದಫ್ತರಖಾನೆಯಲ್ಲಿವೆ; ಅವು ದಳವು ಎಲ್ಲಿತ್ತೆಂಬುದನ್ನು ದಿನದಿನವೂ ತಿಳಿಸುತ್ತವೆಯಾದರೂ ಸಾಮಾನ್ಯ ಸಿಪಾಯಿಯ ಹೆಸರನ್ನು ಹೇಳುವುದು ಅಪೂರ್ವ. ಬ್ರಿಟನ್ನಿನ ಸೈನಿಕರ ಸೇವಾಪತ್ರಗಳಲ್ಲಿಯೇ ಬಹುಭಾಗವು 1940ರ ಬಾಂಬುದಾಳಿಯಲ್ಲಿ ಸುಟ್ಟುಹೋಯಿತು. ಇದಕ್ಕೆ ವ್ಯತಿರಿಕ್ತವಾಗಿ, ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಪಂಜಾಬಿನ ಸುಮಾರು 3 ಲಕ್ಷ 20 ಸಾವಿರ ಮಂದಿಯ ವಿವರಗಳುಳ್ಳ, ಊರೂರಿನ ಪಟ್ಟಿಗಳು ಉಳಿದುಬಂದು, 2021ರಿಂದ ಪ್ರಕಟವಾಗತೊಡಗಿವೆ. ಅದೇ ವರ್ಷ ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗವು, ಆಫ್ರಿಕ ಮತ್ತು ಏಷ್ಯ ಖಂಡಗಳವರಾದ ಕನಿಷ್ಠ 1 ಲಕ್ಷ 16 ಸಾವಿರ ಮೃತರ ಹೆಸರುಗಳು ಸ್ಮಾರಕಗಳಲ್ಲಿ ಸೇರದೆ ಹೋದುವೆಂದು ಒಪ್ಪಿಕೊಂಡಿತು. ಸತ್ತವರ ಗತಿಯೇ ಹೀಗಿರುವಾಗ, ಬದುಕಿ ಬಂದ ಪರಿಚಾರಕನ ಚರಿತ್ರೆಗೆ ಪದಕದ ಅಂಚು, ಕ್ರಯಪತ್ರ, ವೃದ್ಧರ ನೆನಪು ಇವೇ ಮುಖ್ಯ ಆಧಾರಗಳಾಗುತ್ತವೆ.

ಈ ನಿರ್ಣಯವನ್ನು ದೊಡ್ಡಪ್ಪನವರಿಗೆ ತಿಳಿಸುವುದು ನನಗೆ ಸುಲಭವಾಗಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ತಾತ ಯುದ್ಧ ಮಾಡಲಿಲ್ಲವೇನಪ್ಪಾ?” ಎಂದು ಕೇಳಿದರು. ಆಗ ನನಗೆ ನೆನಪಾದುದು ಆತಕೂರಿನ ಶಾಸನ. ಕ್ರಿಸ್ತಶಕ 949–50ರ ಆ ಕಲ್ಲು, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪನ್ನು ಇಂದಿಗೂ ಉಳಿಸಿದೆ. ಅದನ್ನು ನಿಲ್ಲಿಸಿದ ಮಣಲೆರನು ಒಡೆಯನಿಂದ ಬೇಡಿ ಪಡೆದುದು ಆ ನಾಯಿಯನ್ನೇ. ಆ ನಾಡಿನವರಾದ ನಾವು, ಯುದ್ಧದಲ್ಲಿ ಕುದುರೆಯನ್ನು ಕಾಯ್ದ ಮನುಷ್ಯನ ಹೆಸರನ್ನು ಅವನ ನಿಜವಾದ ಕೆಲಸದೊಡನೆ ಬರೆದಿಡಲು ಸಂಕೋಚಪಡಬೇಕಾಗಿಲ್ಲವೆಂದು ಅವರಿಗೆ ಅರಿಕೆಮಾಡಿದೆನು. ಅವರು ಒಡನೆಯೇ ಒಪ್ಪಲಿಲ್ಲ. ಕೆಲವು ದಿನಗಳ ಮೇಲೆ, ಮುತ್ತಾತನವರು ನಡುರಾತ್ರಿಯಲ್ಲಿ ಎದ್ದು ಬರಿದಾದ ಕೊಟ್ಟಿಗೆಗೆ ಹೋಗಿ ನೋಡಿ ಬರುತ್ತಿದ್ದರೆಂಬ, ಅದುವರೆಗೆ ಯಾರಿಗೂ ಹೇಳದ ಸಂಗತಿಯನ್ನು ತಾವಾಗಿಯೇ ಹೇಳಿದರು. ನಮ್ಮ ಮನೆಯ ವಂಶಾವಳಿಯಲ್ಲಿ ಆ ಹೆಸರಿನ ಮುಂದೆ ಈಗ ‘ಸೈಸ್, ಮೈಸೂರು ಲಾನ್ಸರ್ಸ್’ ಎಂದು ಬರೆದಿದೆ. ಬರೆದುದು ದೊಡ್ಡಪ್ಪನವರ ಕೈ.